ಶುಕ್ರವಾರದ ಮೀಟಿಂಗ್

ಮಂಡಿ ನೋವು ಬರದಿದ್ದರೆ ನಾನು ಯಾವ ಆಫೀಸಿಗೂ ಮುಖ್ಯಸ್ಥೆಯಾಗುತ್ತಿರಲಿಲ್ಲ. ಶಿವಮೊಗ್ಗದ ಒಂದೇ ಕಟ್ಟಡ ಕಂಪನಿಯಲ್ಲಿ ಅರ್ಧ ಆಯುಷ್ಯ ಕಳೆದ ಸೈಟ್ ಇಂಜಿನಿಯರ್ ನಾನು. ಸೆಂಟ್ರಿಂಗ್ ಹಲಗೆಯ ಮೇಲೆ ನಡೆದಾಡಿ, ಗಾರೆ ಮೇಸ್ತ್ರಿಗಳ ಜೊತೆ ಜಗಳವಾಡಿ, ಧ್ವನಿಯನ್ನು ಎಷ್ಟು ಒರಟು ಮಾಡಿಕೊಂಡಿದ್ದೆನೆಂದರೆ ಫೋನಿನಲ್ಲಿ ಹೊಸಬರು ನನ್ನನ್ನು ಸಾರ್ ಎನ್ನುತ್ತಿದ್ದರು. ಒಂದು ದಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮೆಟ್ಟಿಲು ಹತ್ತುವುದನ್ನು ಬಿಡಿ ಎಂದರು. ಮೆಟ್ಟಿಲು ಕಟ್ಟಿಸಿಯೇ ಹೊಟ್ಟೆ ಹೊರೆಯುವವಳಿಗೆ ಇನ್ನೇನು ಬೇಕು. ಮನೆಗೆ ಬಂದು ಒಂದಿಷ್ಟು ಅತ್ತುಕೊಂಡೆ.

ಅದೇ ಹೊತ್ತಿಗೆ ನಮ್ಮ ಕಂಪನಿಯ ಯಜಮಾನರು ಬೆಂಗಳೂರಿನ ದೊಡ್ಡ ಹೋಟೆಲ್ಲೊಂದರಲ್ಲಿ ನಡೆದ ಬಿಲ್ಡರುಗಳ ಸಮ್ಮೇಳನಕ್ಕೆ ಹೋಗಿ ಬಂದರು. ಅಡಿಕೆ ಮಂಡಿಯ ಮನೆತನದವರು, ಮಾತು ನೇರ, ಮನಸ್ಸು ಒಳ್ಳೆಯದು. ಆದರೆ ಹೊಸದೇನಾದರೂ ಕಿವಿಗೆ ಬಿದ್ದರೆ ಅದು ಕಾರ್ಯರೂಪಕ್ಕೆ ಬರುವವರೆಗೆ ಅವರಿಗೂ ನಿದ್ದೆ ಇಲ್ಲ, ನಮಗೂ ಇಲ್ಲ.

"ಮೇಡಂ, ನಾವೊಂದು ಪಿಎಂಒ ಮಾಡೋಣ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸ್. ಎಲ್ಲಾ ಸೈಟಿಂದೂ ಲೆಕ್ಕಾಚಾರ ಒಂದೇ ಕಡೆ. ನೀವೇ ಹೆಡ್ಡು. ಇನ್ಮೇಲೆ ನೀವು ಸೈಟಿಗೆ ಹೋಗೋದೇ ಬೇಡ, ಸೈಟೇ ನಿಮ್ಮ ಹತ್ರ ಬರುತ್ತೆ" ಎಂದರು.

ನನಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ. ಬಿಸಿಲಿಲ್ಲ, ಧೂಳಿಲ್ಲ, ತಿರುಗುವ ಕುರ್ಚಿ ಬೇರೆ. ವಿದ್ಯಾನಗರದಲ್ಲಿ ಕಂಪನಿಯ ನೆಲಮಹಡಿಯಲ್ಲಿ ಸ್ಯಾಂಪಲ್ ಟೈಲ್ಸ್ ಪೇರಿಸಿಟ್ಟಿದ್ದ ಕೋಣೆಯನ್ನು ತೆರವು ಮಾಡಿಸಿ ಬಣ್ಣ ಹೊಡೆಸಿದರು. ಬಾಗಿಲಿಗೆ ಪಿಎಂಒ ಎಂದು ಹಿತ್ತಾಳೆಯ ಅಕ್ಷರ ಅಂಟಿಸಿದರು. ಮೊದಲ ದಿನವೇ ಬಂದ ಕೊರಿಯರ್‌ನವನು ಬೋರ್ಡನ್ನು ಎರಡು ಸಲ ಓದಿ, "ಇದು ಡೆಲ್ಲೀದು ಬ್ರಾಂಚಾ ಮೇಡಂ?" ಎಂದು ಕೇಳಿದ. ಹಿಂದಿನ ಬೀದಿಯ ಮುದುಕರೊಬ್ಬರು ಪಿಂಚಣಿ ನಿಂತಿದೆಯೆಂದು ಅರ್ಜಿ ಹಿಡಿದುಕೊಂಡೇ ಬಂದರು. ಅವರನ್ನು ಕೂರಿಸಿ ನೀರು ಕೊಟ್ಟು ಕಳಿಸಿದೆ. ನಮ್ಮ ಆಫೀಸಿನಿಂದ ಯಾರಿಗಾದರೂ ನೇರವಾಗಿ ಆದ ಮೊದಲ ಉಪಕಾರ ಅದು. ಮುಂದೆ ಬಹಳ ಕಾಲ ಎರಡನೆಯದು ಆಗಲಿಲ್ಲ.

ಕೆಲಸ ಶುರು ಮಾಡಿದೆ. ನವುಲೆಯಲ್ಲಿ ಒಂದು ಹಾಸ್ಟೆಲ್, ವಿದ್ಯಾನಗರದಲ್ಲೇ ಒಂದು ಅಪಾರ್ಟ್‌ಮೆಂಟ್, ಮಲವಗೊಪ್ಪದಲ್ಲಿ ಗೋದಾಮು, ಭದ್ರಾವತಿಯಲ್ಲಿ ಒಂದು ಶಾದಿ ಮಹಲ್ ನಡೆಯುತ್ತಿದ್ದವು. ಪ್ರತಿ ಸೈಟನ್ನೂ ಸಣ್ಣ ಸಣ್ಣ ಕೆಲಸಗಳಾಗಿ ಒಡೆದು, ಪ್ರತಿ ಕೆಲಸಕ್ಕೂ ಒಟ್ಟು ಲೆಕ್ಕದಲ್ಲಿ ಇಷ್ಟು ತೂಕ ಎಂದು ಕೊಟ್ಟು, ಗೋಡೆಯ ತುಂಬ ಚಾರ್ಟ್ ಹಾಕಿದೆ. ಸಮಯಕ್ಕೆ ಸರಿಯಾಗಿದ್ದರೆ ಹಸಿರು, ಸ್ವಲ್ಪ ಹಿಂದೆ ಬಿದ್ದರೆ ಹಳದಿ, ಕೈಮೀರಿದರೆ ಕೆಂಪು. ನೋಡಲು ಚೆನ್ನಾಗಿತ್ತು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ, ಅಕ್ಕನ ಮನೆಗೆ ಕಳಿಸಿದೆ. ಹುಚ್ಚು ಅಲ್ಲಿಗೆ ನಿಲ್ಲದೆ ಮನೆಯ ಫ್ರಿಜ್ಜಿಗೂ ಹಬ್ಬಿತು. ಅಲ್ಲಿ ಅಂಟಿಸಿದ ಚಾರ್ಟ್ ನೋಡಿ ನನ್ನ ಗಂಡ ಊಟಕ್ಕೆ ಕೂರುವ ಮುಂಚೆ, "ಮಾರಾಯ್ತಿ, ಹುಳಿ ಹಸಿರಾ ಹಳದಿಯಾ ಹೇಳಿಬಿಡು, ನಾನು ಮಜ್ಜಿಗೆಗೆ ರೆಡಿ ಆಗ್ತೀನಿ" ಎನ್ನುತ್ತಿದ್ದರು.

ಈ ಚಾರ್ಟಿಗೆ ಅಂಕಿ ತುಂಬಿಸುವುದು ಹೇಗೆ? ಸೈಟಿನವರನ್ನು ಕೇಳಬೇಕು. ನಮ್ಮ ಕಡೆ ಸೈಟಿನಲ್ಲಿ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರೆ ಯಾರೂ ಆಗಿಲ್ಲ ಎನ್ನುವುದಿಲ್ಲ. ಆಗಿಲ್ಲ ಎನ್ನುವುದು ಮರ್ಯಾದೆಯಲ್ಲ. "ಆಗುತ್ತೆ ಬಿಡಿ" ಎಂದರೆ ಇನ್ನೂ ಶುರುವಾಗಿಲ್ಲ. "ನಡೀತಾ ಇದೆ" ಎಂದರೆ ಸಾಮಾನು ಬಂದಿದೆ, ಜನ ಬಂದಿಲ್ಲ. "ಮುಗಿಯಕ್ ಬಂತು" ಎಂದರೆ ಶುರುವಾಗಿದೆ. "ಮುಗೀತು ಅನ್ಕೊಳ್ಳಿ" ಎಂದರೆ ಅರ್ಧ. ಇದನ್ನೆಲ್ಲ ಸೈಟಿನಲ್ಲಿದ್ದಾಗ ನಾನೇ ಎಷ್ಟೋ ಸಲ ಯಜಮಾನರಿಗೆ ಹೇಳಿದ್ದೇನೆ. ಆದರೆ ತಿರುಗುವ ಕುರ್ಚಿಗೆ ಏನೋ ಗುಣವಿರಬೇಕು, ಅದರಲ್ಲಿ ಕೂತ ಕೂಡಲೇ ಎಲ್ಲ ಮರೆತುಹೋಯಿತು. "ಮುಗೀತು ಅನ್ಕೊಳ್ಳಿ" ಎಂದವರ ಮಾತು ನಂಬಿ, ಮುಗಿಯಿತು ಎಂದೇ ಬರೆದುಕೊಂಡೆ.

ವಾರಕ್ಕೊಂದು ಮೀಟಿಂಗ್ ಬೇಕೆಂದು ಯಜಮಾನರು ಹೇಳಿದ್ದರು. ಸೋಮವಾರ ಎಲ್ಲರಿಗೂ ಗಡಿಬಿಡಿ, ಶನಿವಾರ ಬಟವಾಡೆ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಎಂದು ಗೊತ್ತು ಮಾಡಿದೆ. ಊಟ ಬೇಗ ಮುಗಿಸಿ ಬಂದರೆ ನಿದ್ದೆ ಬರುವುದಿಲ್ಲ ಎಂಬ ದೂರಾಲೋಚನೆಯೂ ಇತ್ತು. ನವುಲೆಯವರು ಒಪ್ಪಿದರು, ಗೋದಾಮಿನವರು ಒಪ್ಪಿದರು. ಭದ್ರಾವತಿಯ ಶಾದಿ ಮಹಲ್ ನೋಡಿಕೊಳ್ಳುತ್ತಿದ್ದ ಡಿಪ್ಲೊಮಾ ಇಂಜಿನಿಯರ್ ಮಾತ್ರ ತಲೆ ಕೆರೆದುಕೊಂಡ. ದಪ್ಪ ಮನುಷ್ಯ, ನಿಧಾನ, ಎಲ್ಲಿ ಕೂತರೂ ಚಹಾ ಕೇಳುವವನು. ಅವನನ್ನು ಸೋಮಾರಿ ಎಂದೇ ಎಲ್ಲರೂ ತಿಳಿದಿದ್ದರು, ಅವನೂ ಸಹ.

"ಶುಕ್ರವಾರಾನೇ ಆಗ್ಬೇಕಾ ಮೇಡಂ?"

"ಯಾಕೆ, ಏನು ತೊಂದರೆ?"

"ಏನಿಲ್ಲ. ಆಗುತ್ತೆ ಬಿಡಿ."

ಇನ್ನು ಮೆಕ್ಯಾನಿಕ್ ವಿಷಯ ಹೇಳಬೇಕು. ಮಲವಗೊಪ್ಪದಲ್ಲಿ ರಸ್ತೆಗೆ ಮುಖ ಮಾಡಿ ಅವರ ಗ್ಯಾರೇಜಿದೆ, ಮನೆ ಭದ್ರಾವತಿಯಲ್ಲಿ. ಕಂಪನಿಯ ಟಿಪ್ಪರುಗಳಿಗೂ ನನ್ನ ಹಳೇ ಕಾರಿಗೂ ಅವರೇ ವೈದ್ಯರು. ಹೆಂಡತಿ ಬೇಗ ತೀರಿಕೊಂಡಿದ್ದರು, ಒಬ್ಬಳೇ ಮಗಳು. ಅವಳನ್ನು ಬೆಳೆಸಿದ್ದೆಲ್ಲ ಅವರ ತಾಯಿ. ನಾನು ಆ ಅಜ್ಜಿಯನ್ನು ನೋಡಿರಲಿಲ್ಲ, ಆದರೆ ಕಾರಿನ ಆಯಿಲ್ ಬದಲಿಸುವಷ್ಟು ಹೊತ್ತಿನಲ್ಲಿ ಅವರ ಬಗ್ಗೆ ಏನಾದರೊಂದು ಕೇಳಿಯೇ ಬರುತ್ತಿದ್ದೆ. ಗಲ್ಲಿಯ ಮಕ್ಕಳಿಗೆಲ್ಲ ಮನೆಯಲ್ಲಿ ಕೂರಿಸಿಕೊಂಡು ಅರಬಿ ಓದಿಸುತ್ತಿದ್ದವರಂತೆ. ಓದದವರಿಗೆ ಬೀಸಣಿಗೆಯ ಹಿಡಿಯಲ್ಲಿ ಏಟು. ಈಗ ಸೊಂಟದ ಮೂಳೆ ಮುರಿದು ಗಾಲಿ ಕುರ್ಚಿಯಲ್ಲಿದ್ದರು. ಆಟೋ, ಕಾರು, ಯಾವುದರಲ್ಲೂ ಕೂರಿಸಲು ಆಗುತ್ತಿರಲಿಲ್ಲ.

ಒಂದು ದಿನ ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದರು. ಮಗಳಿಗೆ ಗಂಡು ಗೊತ್ತಾಗಿತ್ತು, ಶಿವಮೊಗ್ಗದ ಹುಡುಗ.

"ಮೇಡಂ, ನಿಮ್ಮ ಮಹಲ್ ಯಾವಾಗ ರೆಡಿ ಆಗುತ್ತೆ? ಅದು ನಮ್ಮ ಗಲ್ಲಿ ತುದೀಲೇ ಇದೆ. ಅಮ್ಮಾನ ಕುರ್ಚಿ ಹಂಗೇ ತಳ್ಕೊಂಡು ಹೋಗ್ಬೋದು. ಬೇರೆ ಎಲ್ ಮಾಡಿದ್ರೂ ಅಮ್ಮಾ ಬರಕ್ಕಾಗಲ್ಲ. ಅಮ್ಮಾ ಇಲ್ದೆ ಶಾದಿ ಮಾಡ್ಕೊಳಲ್ಲ ಅಂತ ಹುಡುಗಿ ಹಟ."

ಇಲ್ಲಿ ಒಬ್ಬ ಬುದ್ಧಿಯುಳ್ಳ ಇಂಜಿನಿಯರ್ ಏನು ಹೇಳಬೇಕು? ನೋಡೋಣ, ಕಟ್ಟಡದ ಕೆಲಸ, ಹೇಳಕ್ಕಾಗಲ್ಲ ಎನ್ನಬೇಕು. ನಾನು ಮೊಬೈಲ್ ತೆಗೆದು ಚಾರ್ಟ್ ತೋರಿಸಿದೆ. ಶಾದಿ ಮಹಲಿನ ಸಾಲು ಆ ತುದಿಯಿಂದ ಈ ತುದಿಗೆ ಹಸಿರು. ಬೆರಳಿನಿಂದ ದೊಡ್ಡದು ಮಾಡಿ, ಕೊನೆಯ ತಾರೀಕು ತೋರಿಸಿ, "ಇದಾದ್ಮೇಲೆ ಯಾವ ದಿನ ಬೇಕಾದ್ರೂ ಇಟ್ಕೊಳ್ಳಿ" ಎಂದೆ. ಅವರು ಪರದೆಯನ್ನು ಮುಟ್ಟದೆ, ಕೈಯಲ್ಲಿ ಗ್ರೀಸ್ ಇತ್ತೆಂದು, ಬಗ್ಗಿ ನೋಡಿದರು. ಅವರ ಮುಖ ಅರಳಿತು. ಅವರು ಮಹಲಿನ ಕಮಿಟಿಯವರ ಹತ್ತಿರ ಹೋಗಿ ಮೊದಲ ಮದುವೆ ತಮ್ಮದೇ ಎಂದು ಬರೆಸಿದರು. ಕಮಿಟಿಯವರು ಆಗುತ್ತಾ ಎಂದು ಕೇಳಿದ್ದು ಯಾರನ್ನು? ನನ್ನನ್ನೇ. ಮುಂದೆ ಕಾರ್ಡೂ ಅಚ್ಚಾಯಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ನನ್ನ ಚಾರ್ಟಿನ ಮೇಲೆ ನಿಲ್ಲಿಸಿದ ಧೈರ್ಯಶಾಲಿ ನಾನೊಬ್ಬಳೇ ಇರಬೇಕು.

ಅಲ್ಲಿಂದ ಮಹಲಿನ ಸಾಲು ಮೆಲ್ಲಗೆ ಹಳದಿಯಾಗತೊಡಗಿತು. ವಿಚಿತ್ರವೆಂದರೆ ಅಲ್ಲಿ ಜನ ಇದ್ದರು, ಸಾಮಾನು ಇತ್ತು, ಹಿಂದೆಂದೂ ಹೀಗೆ ನಿಧಾನವಾಗಿರಲಿಲ್ಲ. ಮೀಟಿಂಗಿನಲ್ಲಿ ನಮ್ಮ ದಪ್ಪ ಇಂಜಿನಿಯರ್ ಪೇಂಟಿಂಗ್ ನಡೀತಾ ಇದೆ, ರೇಲಿಂಗ್ ನಡೀತಾ ಇದೆ, ವೈರಿಂಗ್ ಮುಗೀತು ಅನ್ಕೊಳ್ಳಿ ಎನ್ನುತ್ತಿದ್ದ. ಮುಂದಿನ ವಾರವೂ ಅದನ್ನೇ ಹೇಳುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಕೆಲಸ ಹಿಂದೆ ಬಿದ್ದಾಗ ಪಿಎಂಒ ಏನು ಮಾಡಬೇಕೋ ಅದನ್ನು ಮಾಡಿದೆ: ಇನ್ನೊಂದು ಫಾರ್ಮ್ಯಾಟ್ ಮಾಡಿದೆ. ತಡವಾದರೆ ಯಾಕೆ ತಡವಾಯಿತು ಎಂದು ತುಂಬಿಸುವ ಫಾರ್ಮ್ಯಾಟ್. ಅದನ್ನು ತುಂಬಿಸುವುದೇ ತಡವಾದಾಗ ಮೀಟಿಂಗನ್ನು ಇನ್ನಷ್ಟು ಉದ್ದ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಇಂಜಿನಿಯರ್, ಲೆವೆಲ್ ಹಿಡಿದು ನೆಲದ ಡೊಂಕನ್ನು ಅಳೆದೇ ತೋರಿಸುತ್ತಿದ್ದೆ.

ಸಾಲು ಕೆಂಪಾಯಿತು. ಆಗ ಮೆಕ್ಯಾನಿಕ್ ಕೇಳುವುದನ್ನು ನಿಲ್ಲಿಸಿದರು. ಅದೇ ನನಗೆ ಹೆಚ್ಚು ಚುಚ್ಚಿತು. ಕಾರು ನಿಲ್ಲಿಸಿದರೆ ಚಹಾ ತರಿಸುತ್ತಿದ್ದರು, ಮಳೆ ಬಿಸಿಲು ಎಂದು ಏನಾದರೂ ಮಾತಾಡುತ್ತಿದ್ದರು, ಮಹಲಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ನನಗೆ ಮುಜುಗರವಾಗಬಾರದೆಂದು ಆ ಮನುಷ್ಯ ತಮ್ಮ ಚಿಂತೆಯನ್ನು ನುಂಗಿಕೊಂಡಿದ್ದರು. ಒಂದು ವಾರ ನಾನು ಅವರ ಗ್ಯಾರೇಜಿನ ಮುಂದೆ ಹೋಗುವುದೇ ಬೇಡವೆಂದು ಬೇರೆ ರಸ್ತೆಯಲ್ಲಿ ಸುತ್ತಿ ಹೋದೆ. ಅಷ್ಟು ಹೇಡಿಯಾಗಿದ್ದೆ.

ಒಂದು ಶುಕ್ರವಾರ ಯಜಮಾನರು ಯಾರದೋ ಗೃಹಪ್ರವೇಶಕ್ಕೆ ಹೋಗಬೇಕಾಗಿ ಬಂದು ಮೀಟಿಂಗ್ ರದ್ದಾಯಿತು. ಚಾರ್ಟಿನ ಮುಂದೆ ಕೂತರೆ ಆ ಕೆಂಪು ಸಾಲೇ ಕಣ್ಣಿಗೆ ಬೀಳುತ್ತಿತ್ತು. ಹಾಳಾಗಿ ಹೋಗಲಿ, ಕಣ್ಣಾರೆ ನೋಡಿಯೇ ಬರೋಣ ಎಂದು ಮಂಡಿಗೆ ಪಟ್ಟಿ ಬಿಗಿದುಕೊಂಡು ಭದ್ರಾವತಿಗೆ ಹೊರಟೆ. ಪಿಎಂಒ ಆದ ಮೇಲೆ ನಾನು ಸೈಟಿಗೆ ಹೋಗಿದ್ದು ಅದೇ ಮೊದಲು.

ಮಹಲಿನ ಎದುರು ಮಸೀದಿ, ಮಸೀದಿಯ ಪಕ್ಕದಲ್ಲಿ ಚಹಾದಂಗಡಿ. ಸೈಟ್ ಖಾಲಿ ಹೊಡೆಯುತ್ತಿತ್ತು. ಜುಮ್ಮಾ ನಮಾಜಿನ ಹೊತ್ತು, ಹಾಗಾಗಿ ಅರ್ಧ ಜನ ಮಸೀದಿಯಲ್ಲಿ. ಉಳಿದರ್ಧ ಚಹಾದಂಗಡಿಯಲ್ಲಿ. ನಮ್ಮ ದಪ್ಪ ಇಂಜಿನಿಯರ್ ಬೆಂಚಿನ ಮೇಲೆ ಕಾಲು ಚಾಚಿ ಕೂತು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ. ಪಕ್ಕದಲ್ಲಿ ಕಾರ್ಖಾನೆ ಕ್ವಾರ್ಟರ್ಸ್ ಕಡೆಯ ತಮಿಳು ಪೇಂಟರ್, ಇಬ್ಬರು ಟೈಲ್ಸ್‌ನವರು. ನನ್ನನ್ನು ಕಂಡು ಇಂಜಿನಿಯರ್ ಬಜ್ಜಿಯನ್ನು ಎಲ್ಲಿಡುವುದೆಂದು ತಿಳಿಯದೆ ಬಾಯಿಗೇ ಹಾಕಿಕೊಂಡ. ಸಿಕ್ಕಿಬಿದ್ದ, ಇದೇ ನೋಡು ಇವನ ಕೆಲಸ ಎಂದು ನನಗೆ ಒಳಗೊಳಗೇ ಒಂದು ಕೆಟ್ಟ ಖುಷಿಯಾಯಿತು.

ಅಷ್ಟರಲ್ಲಿ ನಮಾಜು ಮುಗಿದು ಜನ ಹೊರಬಂದರು. ಒಬ್ಬೊಬ್ಬರೇ ಚಪ್ಪಲಿ ಹಾಕಿಕೊಳ್ಳುತ್ತ ನೇರ ಚಹಾದಂಗಡಿಯ ಕಡೆಗೇ ಬಂದರು. ರೇಲಿಂಗ್ ಮಾಡುವ ಫ್ಯಾಬ್ರಿಕೇಶನ್‌ನವರು, ಎಲೆಕ್ಟ್ರಿಷಿಯನ್, ಪ್ಲಂಬರ್, ಕಮಿಟಿಯ ಅಧ್ಯಕ್ಷರಾದ ಹಾಜಿಯವರು. ಕೊನೆಗೆ ನಮ್ಮ ಮೆಕ್ಯಾನಿಕ್ಕೂ ಬಂದರು. ನನ್ನನ್ನು ಕಂಡು ನಮಸ್ಕಾರ ಮಾಡಿದರು.

ಇಂಜಿನಿಯರ್ ಕೂತಲ್ಲಿಂದ ಏಳದೆ ಫ್ಯಾಬ್ರಿಕೇಶನ್‌ನವರನ್ನು ಕರೆದ. "ಏನ್ ಭಾಯ್, ರೇಲಿಂಗ್ ಯಾವಾಗ ತರ್ತೀರಿ?"

"ಮಾಡಿಟ್ಟು ಎಷ್ಟು ದಿನ ಆಯ್ತು! ಗೋಡೆಗೆ ಪೇಂಟ್ ಆಗ್ಲಿ ಅಂತ ಕಾಯ್ತಿದೀನಿ. ಆಮೇಲೆ ಪೇಂಟ್ ಸಿಡಿದು ರೇಲಿಂಗ್ ಹಾಳಾಯ್ತು ಅಂತ ನನ್ನ ಬೈಬಾರ್ದಲ್ಲ."

ಪೇಂಟರ್ ಲೋಟ ಕೆಳಗಿಟ್ಟ. "ಅಯ್ಯೋ ಅಣ್ಣೆ, ನಾನು ನಿನ್ನ ಕಾಯ್ತಿದೀನಿ! ನೀನು ವೆಲ್ಡಿಂಗ್ ಮಾಡಿದ್ರೆ ಕಿಡಿ ಹಾರಿ ನನ್ನ ಪೇಂಟ್ ಹೋಗ್ತದೆ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಅವರಿಬ್ಬರೂ ಹಾಗೆ ಕಾದು ಕೂತಿದ್ದ ಅಷ್ಟೂ ವಾರ ನನ್ನ ಚಾರ್ಟಿನಲ್ಲಿ ಎರಡು ಕೆಲಸಗಳೂ "ನಡೀತಾ ಇದೆ" ಎಂದೇ ಇದ್ದವು. ಹಾಗೆಯೇ ಎಲೆಕ್ಟ್ರಿಷಿಯನ್ನಿಗೆ ಬೇಕಾದ ಏಣಿ ಪ್ಲಂಬರ್ ಹತ್ತಿರ ಇತ್ತು, ಪ್ಲಂಬರ್‌ಗೆ ಬೇಕಾದ ಒಪ್ಪಿಗೆ ಹಾಜಿಯವರ ಹತ್ತಿರ ಇತ್ತು. ಎರಡನೇ ಲೋಟ ಚಹಾ ಬರುವಷ್ಟರಲ್ಲಿ ಎಲ್ಲ ಇತ್ಯರ್ಥವಾಯಿತು. ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ.

ನಾನು ಇಂಜಿನಿಯರನ್ನು ಪಕ್ಕಕ್ಕೆ ಕರೆದೆ. "ಇದು ಯಾವಾಗ್ಲೂ ಹೀಗೇನಾ?"

"ಮುಂಚೆ ಪ್ರತಿ ಶುಕ್ರವಾರ ಹೀಗೇ ಮೇಡಂ. ಬೇರೆ ದಿನ ಇವ್ರನ್ನ ಒಟ್ಟಿಗೆ ಹಿಡಿಯಕ್ಕೆ ಆಗಲ್ಲ. ಒಬ್ಬ ತರೀಕೆರೆ ಅಂತಾನೆ, ಒಬ್ಬ ಹೊನ್ನಾಳಿ ಅಂತಾನೆ. ಜುಮ್ಮಾಕ್ಕೆ ಎಲ್ರೂ ಬಂದೇ ಬರ್ತಾರೆ. ಇವ್ರು ಬರ್ತಾರೆ ಅಂತ ಪೇಂಟರೂ ಬರ್ತಾನೆ. ಈಗ ಶುಕ್ರವಾರ ನಾನು ಶಿವಮೊಗ್ಗದಲ್ಲಿ ಇರ್ತೀನಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ಏನಂತ ಹೇಳೋದು ಮೇಡಂ? ಬಜ್ಜಿ ತಿನ್ನಕ್ಕೆ ಶುಕ್ರವಾರ ಬಿಡಿ ಅಂತಾನಾ? ನಂಗೂ ಅದು ಕೆಲಸ ಅಂತ ಗೊತ್ತಿರ್ಲಿಲ್ಲ."

ನಿಜ ಹೇಳುತ್ತೇನೆ, ನೆಲ ಬಿರಿಯಬಾರದೇ ಅನ್ನಿಸಿತು. ಭದ್ರಾವತಿಯಲ್ಲಿ ಒಂದು ಪಿಎಂಒ ಮೊದಲೇ ಇತ್ತು. ಅದಕ್ಕೆ ಬೆಂಚಿತ್ತು, ಬಜ್ಜಿಯಿತ್ತು, ಖರ್ಚಿಲ್ಲ. ನಾನು ಶಿವಮೊಗ್ಗದಲ್ಲಿ ಇನ್ನೊಂದನ್ನು ಸ್ಥಾಪಿಸಿ ಮೊದಲನೆಯದಕ್ಕೆ ಬೀಗ ಹಾಕಿದ್ದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಎನ್ನೋಣವೆಂದರೆ ಅವರಪ್ಪನೂ ದೇವರೇ, ನಾನು ಮಾಡಿದ್ದು ಅದೂ ಅಲ್ಲ.

ಆದರೆ ನಗುವ ಹೊತ್ತು ಅಲ್ಲಿಗೆ ಮುಗಿಯಿತು. ಹಾಜಿಯವರು ಗಡ್ಡ ನೀವುತ್ತ, "ಎಲ್ಲಾ ಸರಿ ಮೇಡಂ, ಲಿಫ್ಟ್ ಕಥೆ ಏನು?" ಎಂದರು.

ಮಹಲಿನಲ್ಲಿ ಕೆಳಗೆ ಗಂಡಸರ ಹಾಲ್, ಮೇಲೆ ಹೆಂಗಸರ ಹಾಲ್. ಮೇಲೆ ಹೋಗಲು ಮೆಟ್ಟಿಲು, ಇಲ್ಲದಿದ್ದರೆ ಲಿಫ್ಟ್. ಲಿಫ್ಟಿಗೆ ನನ್ನ ಚಾರ್ಟಿನಲ್ಲಿ ಕೊನೆಯ ಸಾಲಿನಲ್ಲಿ ಎಳ್ಳಷ್ಟು ತೂಕ ಕೊಟ್ಟಿದ್ದೆ. ಅದು ಇಲ್ಲದಿದ್ದರೂ ಕಟ್ಟಡ ಹೆಚ್ಚುಕಡಿಮೆ ಪೂರ್ತಿ ಎಂದೇ ನನ್ನ ಲೆಕ್ಕ ಹೇಳುತ್ತಿತ್ತು. ಇಲ್ಲಿ ಕೆಲಸ ತಡವಾಗುತ್ತ ಹೋದದ್ದರಿಂದ ಲಿಫ್ಟಿನವರು ನಮ್ಮ ಸರದಿಯನ್ನು ಬೇರೆಯವರಿಗೆ ಕೊಟ್ಟಿದ್ದರು. ಇನ್ನು ಅದು ಬರುವುದು ಮದುವೆ ಕಳೆದ ಮೇಲೆಯೇ. ಇದು ನನಗೆ ಗೊತ್ತಿತ್ತು. ಆದರೆ ಮೇಲೆ ಹೋಗಬೇಕಾದವರು ಯಾರು ಎಂದು ಯೋಚಿಸಿರಲಿಲ್ಲ. ಮೆಕ್ಯಾನಿಕ್ ಮುಖ ನೋಡಿದಾಗ ಹೊಳೆಯಿತು.

"ಬರಲ್ಲ" ಎಂದೆ. ಇಷ್ಟು ತಿಂಗಳಲ್ಲಿ ಒಂದು ಪ್ರಶ್ನೆಗೆ ನೇರವಾಗಿ ಹೇಳಿದ ಉತ್ತರ ಅದೊಂದೇ.

ಪೇಂಟರ್ ಮೆಲ್ಲಗೆ, "ಪಾಟೀನ ಕುರ್ಚಿ ಸಮೇತ ಹೊತ್ಕೊಂಡು ಹೋಗೋಣ, ನಾವು ನಾಲ್ಕು ಜನ ಸಾಕು" ಎಂದ. ಅವನ ಮಾತಿನಲ್ಲಿ ಅಜ್ಜಿ ಎಂದರೆ ಪಾಟಿ.

ಮೆಕ್ಯಾನಿಕ್ ತಲೆ ಅಲ್ಲಾಡಿಸಿದರು. "ನಕ್ಕೋ ಅಣ್ಣಾ. ಲಿಫ್ಟ್ ಇನ್ನೂ ಬಂದಿಲ್ಲ ಅಂತ ಮೊದ್ಲೇ ಕೇಳಿ ನೋಡಿದೀನಿ. ಉಸಿರಿರೋವಾಗ ನಾಲ್ಕು ಜನ ಹೊರಬೇಡಿ, ಹೊರೋ ದಿನ ಹೊರ್ತೀರಂತೆ ಅಂತಾಳೆ. ನಾನು ಮನೇಲೇ ಕೂತು ದುವಾ ಮಾಡ್ತೀನಿ, ನೀವು ಹೋಗಿ ಅಂತಾಳೆ. ಹುಡುಗಿ ಎರಡು ದಿನದಿಂದ ಊಟ ಬಿಟ್ಟಿದಾಳೆ." ಅವರು ನನ್ನ ಕಡೆ ತಿರುಗಿ, "ನೀವೇನ್ ಮಾಡ್ತೀರಿ ಮೇಡಂ, ಮಷೀನಿನ ವಿಷ್ಯ" ಎಂದರು. ನನ್ನನ್ನೇ ಸಮಾಧಾನ ಮಾಡುತ್ತಿದ್ದರು!

ನಾನು ಬಾಯಿ ತೆರೆದೆ. ಲಿಫ್ಟಿನವರಿಗೆ ಒತ್ತಡ ಹಾಕುವುದು, ಬೇರೆ ಊರಿನಿಂದ ತರಿಸುವುದು, ಮೆಟ್ಟಿಲಿಗೆ ಇಳಿಜಾರು ಹಲಗೆ ಹಾಕಿಸುವುದು, ಏನೇನೋ ಹೇಳಿದೆ. ನನ್ನ ಕಿವಿಗೇ ನಂಬಿಕೆ ಬರಲಿಲ್ಲ. ಹಾಜಿಯವರು ನಾನು ಮುಗಿಸುವವರೆಗೆ ಮರ್ಯಾದೆಗೆ ಕಾದರು. ಆಮೇಲೆ ಚಹಾದ ಲೋಟ ಕೆಳಗಿಟ್ಟು, "ಹೆಂಗಸರು ಕೆಳಗೆ ಕೂರ್ಲಿ. ನಾವು ಮೇಲೆ ಹೋಗೋಣ" ಎಂದರು.

ಅಷ್ಟೇ. ಒಬ್ಬರು, ಗಂಡಿನ ಕಡೆಯವರು ಏನಂತಾರೋ ಎಂದರು. ಇನ್ನೊಬ್ಬರು, ಅಡುಗೆ ಕೆಳಗೆ, ಬಡಿಸೋರು ಮೇಲೆ ಕೆಳಗೆ ಓಡಾಡಬೇಕು ಎಂದರು. ವಯಸ್ಸಾದವರು ಮಹಡಿ ಹತ್ತಬೇಕಲ್ಲ ಎಂದು ಪ್ಲಂಬರ್ ಹೇಳಿದ. ಹಾಜಿಯವರಿಗೇ ಎಪ್ಪತ್ತು ದಾಟಿತ್ತು, ಅವರ ಮಂಡಿ ನನ್ನ ಮಂಡಿಗಿಂತ ಕೆಟ್ಟಿತ್ತು.

"ಇಲ್ಲಿ ಅಮ್ಮಾನ ಹತ್ರ ಏಟು ತಿನ್ನದೆ ಅಲಿಫ್ ಕಲ್ತೋನು ಯಾವನಿದಾನೆ?" ಎಂದರು ಹಾಜಿಯವರು. "ನನ್ನ ಮಕ್ಕಳು ಅಲ್ಲೇ ಕಲ್ತಿದ್ದು. ಹತ್ತೋಣ. ಕೂತು ಕೂತು ಹತ್ತೋಣ."

ಮೆಕ್ಯಾನಿಕ್ ಆ ಕಡೆ ತಿರುಗಿ ನಿಂತರು. ಎಲೆಕ್ಟ್ರಿಷಿಯನ್ ಅವರ ಹೆಗಲ ಮೇಲೆ ಕೈಯಿಟ್ಟ. ನಾನು ನನ್ನ ಚಹಾ ನೋಡುತ್ತ ಕೂತೆ. ಕಣ್ಣು ತುಂಬಿ ಬಂದಿದ್ದಕ್ಕೆ ಬಜ್ಜಿಯ ಖಾರ ಎಂದು ಹೇಳೋಣವೆಂದರೆ ನಾನು ಬಜ್ಜಿಯನ್ನೇ ತಿಂದಿರಲಿಲ್ಲ.

ಸೋಮವಾರ ಯಜಮಾನರಿಗೆ ಎಲ್ಲ ಹೇಳಿ, ಮೀಟಿಂಗನ್ನು ಮಂಗಳವಾರಕ್ಕೆ ಹಾಕುತ್ತೇನೆ, ಶುಕ್ರವಾರ ನಾನೇ ಭದ್ರಾವತಿಗೆ ಹೋಗುತ್ತೇನೆ ಎಂದೆ. ಅವರು ಸ್ವಲ್ಪ ಯೋಚಿಸಿ, "ಹಂಗಾದ್ರೆ ಅಲ್ಲೂ ಒಂದು ಬೋರ್ಡ್ ಹಾಕ್ಸೋಣ್ವಾ?" ಎಂದರು. ಬೇಡವೆಂದು ಕೈ ಮುಗಿದೆ. ನನ್ನ ಬುದ್ಧಿಯೂ ಪೂರ್ತಿ ನೆಟ್ಟಗಾಗಿರಲಿಲ್ಲ. ಮುಂದಿನ ಶುಕ್ರವಾರ ಬೆಂಚಿನ ಮೇಲೆ ಕೂತು ಇಂದಿನ ವಿಷಯಗಳು ಎಂದು ಶುರು ಮಾಡಿದೆ. ಇಂಜಿನಿಯರ್ ಕಿವಿಯ ಹತ್ತಿರ ಬಗ್ಗಿ, "ಮೇಡಂ, ಸುಮ್ನೆ ಚಹಾ ಕುಡೀರಿ" ಎಂದ. ಕುಡಿದೆ. ಮುಂದಿನ ವಾರಗಳಲ್ಲಿ ರೇಲಿಂಗ್ ಬಂತು, ಗೋಡೆಗೆ ಬಣ್ಣ ಬಂತು, ದೀಪ ಹತ್ತಿತು. ಬಾಗಿಲ ಹೊಸ್ತಿಲಿಗೆ ಗಾಲಿ ಕುರ್ಚಿ ಸಿಕ್ಕಿಕೊಳ್ಳದಂತೆ ಟೈಲ್ಸ್‌ನವರು ಯಾರೂ ಹೇಳದೆಯೇ ಇಳಿಜಾರು ಮಾಡಿಕೊಟ್ಟರು.

ಮದುವೆಯ ದಿನ ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಹೆಂಗಸಾಗಿ ಹುಟ್ಟಿದ್ದಕ್ಕೆ ಆವತ್ತು ಮೆಟ್ಟಿಲು ಹತ್ತುವುದು ತಪ್ಪಿತು. ಬಾಗಿಲಲ್ಲಿ ನಿಂತು ನೋಡಿದೆ: ಗಂಡಿನ ಕಡೆಯ ದೊಡ್ಡವರು, ಖಾಜಿಯವರು, ಊರಿನ ಮುದುಕರು, ಎಲ್ಲರೂ ನಮ್ಮ ಹೊಸ ರೇಲಿಂಗ್ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಹಾಜಿಯವರು ತಿರುವಿನಲ್ಲಿ ಕೂತು ಸುಧಾರಿಸಿಕೊಂಡರು. "ಮೇಡಂ, ಮೆಟ್ಟಿಲು ಸ್ವಲ್ಪ ತಗ್ಗಿಗೆ ಇಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಮೇಲಿನಿಂದಲೇ ಕೂಗಿದರು. ನಕ್ಕು ಕೈ ಮುಗಿದೆ.

ಅಜ್ಜಿಯನ್ನು ನಾನು ನೋಡಿದ್ದು ಆಗಲೇ. ಇಷ್ಟೇ ಇಷ್ಟು ಸಣ್ಣ ಜೀವ. ಬಿಳಿ ದುಪಟ್ಟಾ, ಕೈಯಲ್ಲಿ ಜಪಮಣಿ. ಮೊಮ್ಮಗಳ ಪಕ್ಕಕ್ಕೇ ಕುರ್ಚಿ ನಿಲ್ಲಿಸಿದ್ದರು. ಒಪ್ಪಿಗೆ ಕೇಳಲು ಸಾಕ್ಷಿಗಳು ಮೇಲಿನಿಂದ ಇಳಿದು ಬಂದಾಗ ಹುಡುಗಿ ಮಾತಾಡುವ ಮೊದಲು ಅಜ್ಜಿಯ ಕೈ ಹುಡುಕಿದಳು. ಕೈ ಸಿಕ್ಕ ಮೇಲೆಯೇ ಕಬೂಲ್ ಎಂದಳು. ಅಷ್ಟು ಮೆಲ್ಲಗೆ ಹೇಳಿದಳು, ನಮಗ್ಯಾರಿಗೂ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿತು. ಅವರು ತಲೆಯಾಡಿಸಿದರು.

ಊಟವಾಯಿತು. ಹುಡುಗಿಯನ್ನು ಕಳಿಸಿಕೊಡುವ ಹೊತ್ತಾಯಿತು. ಹೂವು ಕಟ್ಟಿದ ಕಾರು ಬಾಗಿಲಿಗೆ ಬಂದು ನಿಂತಿತ್ತು. ಮೇಲಿದ್ದ ಗಂಡಸರೆಲ್ಲ ಇಳಿದು ರಸ್ತೆಯಲ್ಲಿ ಸೇರಿದ್ದರು. ಶಿವಮೊಗ್ಗದಲ್ಲಿ ಗಂಡಿನ ಮನೆಯವರು ಕಾಯುತ್ತಿದ್ದಾರೆ, ಹೊರಡಿ ಹೊರಡಿ ಎಂದು ಯಾರೋ ಅವಸರ ಮಾಡುತ್ತಿದ್ದರು. ಹುಡುಗಿ ಕಾರಿನ ಹತ್ತಿರ ಬಂದು ನಿಂತಳು. ಬಾಗಿಲು ತೆರೆದು ಹಿಡಿದಿದ್ದರು. ಅವಳು ಹತ್ತಲಿಲ್ಲ. ಹಿಂದಕ್ಕೆ ತಿರುಗಿ, ಚಿಕ್ಕಮ್ಮನ ಕೈಯಿಂದ ಗಾಲಿ ಕುರ್ಚಿಯ ಹಿಡಿ ತೆಗೆದುಕೊಂಡಳು. ಆ ಭಾರಿ ಜರಿಯ ಬಟ್ಟೆಯಲ್ಲೇ ಅಜ್ಜಿಯನ್ನು ತಳ್ಳುತ್ತ ಗಲ್ಲಿಯ ಒಳಗೆ ನಡೆದಳು. ಅಜ್ಜಿ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ಅವಳು ಕೇಳಲಿಲ್ಲ. ಮನೆಯ ಬಾಗಿಲು ದೂಡಿ ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು.

ಇಡೀ ದಿಬ್ಬಣ ರಸ್ತೆಯಲ್ಲಿ ನಿಂತಿತು. ಕಾರಿನ ಡ್ರೈವರ್ ಇಂಜಿನ್ ಆರಿಸಿದ. ಹಾಜಿಯವರು ಮಹಲಿನ ಮೆಟ್ಟಿಲ ಮೇಲೆ ಕೂತರು, ಹುಡುಗ ಪೇಟವನ್ನು ಸರಿಮಾಡಿಕೊಂಡು ಸುಮ್ಮನೆ ನಿಂತ. ಮೆಕ್ಯಾನಿಕ್ ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಅವಸರ ಮಾಡುತ್ತಿದ್ದವರೂ ಬಾಯಿ ಮುಚ್ಚಿದರು. ನನ್ನ ಜೀವಮಾನವೆಲ್ಲ ತಡ ಯಾಕಾಯಿತು ಎಂದು ಜನರನ್ನು ಕೇಳಿಯೇ ಸಂಬಳ ತೆಗೆದುಕೊಂಡವಳು ನಾನು. ಆವತ್ತು ಆ ಹುಡುಗಿ ಎಷ್ಟು ಹೊತ್ತು ಒಳಗಿದ್ದಳೋ ನನಗೆ ಗೊತ್ತಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಇನ್ನೂ ಸ್ವಲ್ಪ ತಡವಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.